ಮ್ಯಾಂಚೆಸ್ಟರ್ ಜೆರ್ಸಿಯ ನೂಲಿನಲ್ಲಿರುವ ವಿಜ್ಞಾನ

ಯುರೋಪಿನ ಫುಟ್‌ಬಾಲ್ ನೋಡುವವರಿಗೆ ಜೂನ್, ಜುಲೈ ಬಂತೆಂದರೆ ಒಂದು ವಿಷಯ ಗ್ಯಾರಂಟಿ. ಲೀಗ್ ಪಂದ್ಯಗಳು ಇರುವುದಿಲ್ಲ, ಆದರೆ ಹೊಸ ಜೆರ್ಸಿಗಳ ಫೋಟೊ ಫೋನಿಗೆ ಬಂದು ಬೀಳುತ್ತಲೇ ಇರುತ್ತವೆ. ಪ್ರತಿ ಜೆರ್ಸಿಯ ಜೊತೆ ಒಂದು ಕಥೆಯೂ ಬರುತ್ತದೆ. ಇದು ನಮ್ಮ ಊರಿನ ಕಾಲುವೆಯ ನೆನಪು, ಇದು ಗಿರಣಿಗಳ ನೆನಪು, ಇದು ರೈಲಿನ ನೆನಪು ಅಂತ ಕ್ಲಬ್‌ಗಳು ಹೇಳುತ್ತವೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು, ನಿದ್ದೆಗೆಟ್ಟು ಪ್ರೀಮಿಯರ್ ಲೀಗ್ ನೋಡುವ ನಮ್ಮ ಹುಡುಗ ಹುಡುಗಿಯರು ಆ ಜೆರ್ಸಿ ತರಿಸಿಕೊಳ್ಳುತ್ತಾರೆ. ಮನೆಯವರು ಕೇಳುತ್ತಾರೆ: ತೋಳಿನ ಮೇಲೆ ಇದೇನಿದು ಗೀಟು? ಇದಕ್ಕೇಕೆ ಇಷ್ಟು ದುಡ್ಡು?

ಗೀಟಿನ ಪ್ರಶ್ನೆಗೆ ಉತ್ತರ ಹುಡುಕಲು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಒಳ್ಳೆಯ ಊರು. ಅಲ್ಲಿನ ಎರಡು ದೊಡ್ಡ ಕ್ಲಬ್‌ಗಳು ತಮ್ಮ ಊರಿನ ಕಸುಬು ಮತ್ತು ಯಂತ್ರಗಳನ್ನು ಜೆರ್ಸಿಯ ಮೇಲೆ ಮೂಡಿಸಿವೆ. ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಆ ಚಿತ್ತಾರಕ್ಕಿಂತ ಬಟ್ಟೆಯೇ. ಜೆರ್ಸಿಯ ನೂಲಿಗೆ, ವಿನ್ಯಾಸ ಮೂಡಿಸುವ ವಿಧಾನಕ್ಕೆ, ಬಣ್ಣ ಗುರುತಿಸುವ ಕಣ್ಣಿನ ಬಗ್ಗೆ ನಮಗಿರುವ ತಿಳಿವಳಿಕೆಗೆ, ಮೂರಕ್ಕೂ ಆ ಊರಿನ ನಂಟಿದೆ. ನಿಮ್ಮ ಬೀದಿಯ ಕಬಡ್ಡಿ ಟೀಮಿನ ಜೆರ್ಸಿಯೂ ಈ ಲೆಕ್ಕದಿಂದ ಹೊರಗಿಲ್ಲ.

ವರ್ಷಕ್ಕೊಂದು ಹೊಸ ಜೆರ್ಸಿ ಯಾಕೆ?

ಮೊದಲು ಮೂರು ಪದ ಗೊತ್ತಿರಲಿ. ತಂಡ ತನ್ನ ಮೈದಾನದಲ್ಲಿ ಹಾಕಿಕೊಳ್ಳುವುದು ಹೋಮ್ ಜೆರ್ಸಿ. ಎದುರಾಳಿಯ ಊರಿಗೆ ಹೋದಾಗ ಎರಡೂ ತಂಡದ ಬಣ್ಣ ಒಂದೇ ತರ ಕಂಡರೆ ಹಾಕಿಕೊಳ್ಳುವುದು 'ಅವೇ' (away), ಅಂದರೆ ಹೊರಊರಿನ ಜೆರ್ಸಿ. ಅದೂ ಹೊಂದದಿದ್ದರೆ ಇರಲಿ ಅಂತ ಮೂರನೆಯದೊಂದು, ಅದೇ ಥರ್ಡ್ ಜೆರ್ಸಿ. ಎರಡು ತಂಡಗಳ ಬಣ್ಣ ಒಂದಕ್ಕೊಂದು ಬೇರೆಯಾಗಿ ಕಾಣಲೇಬೇಕು, ರೆಫರಿಯ ಬಣ್ಣವೂ ಬೇರೆ ಇರಬೇಕು ಅನ್ನುವುದು ಫುಟ್‌ಬಾಲ್‌ನ ನಿಯಮ.

ಹೋಮ್ ಜೆರ್ಸಿಯ ಬಣ್ಣ ಮುಟ್ಟುವ ಹಾಗಿಲ್ಲ. ಮ್ಯಾಂಚೆಸ್ಟರ್ ಸಿಟಿ ಅಂದರೆ ತಿಳಿ ನೀಲಿ. ಮ್ಯಾಂಚೆಸ್ಟರ್ ಯುನೈಟೆಡ್ ಅಂದರೆ ಕೆಂಪು. ಇದನ್ನು ಬದಲಿಸಿದರೆ ಅಭಿಮಾನಿಗಳು ಸುಮ್ಮನಿರುವುದಿಲ್ಲ. ಆದರೂ ಪ್ರತಿ ವರ್ಷ ಹೊಸ ಜೆರ್ಸಿ ಮಾರಾಟ ಆಗಲೇಬೇಕು, ಕ್ಲಬ್‌ಗೂ ತಯಾರಿಸುವ ಕಂಪನಿಗೂ ಅದು ದೊಡ್ಡ ವ್ಯವಹಾರ. ಹಾಗಾಗಿ ವಿನ್ಯಾಸ ಮಾಡುವವರಿಗೆ ಉಳಿಯುವ ಜಾಗ ಸ್ವಲ್ಪವೇ: ಕಾಲರ್, ತೋಳು, ಅಂಚು, ಮತ್ತು ಬಟ್ಟೆಯೊಳಗಿನ ನವಿರಾದ ವಿನ್ಯಾಸ. ಅವೇ ಮತ್ತು ಥರ್ಡ್ ಜೆರ್ಸಿಯಲ್ಲಿ ಮಾತ್ರ ಕೈ ಬಿಚ್ಚಿ ಆಡಬಹುದು. ಈ ಸಣ್ಣ ಜಾಗದಲ್ಲಿ ಏನು ಹೇಳುವುದು ಅಂತ ಯೋಚಿಸಿದಾಗ ಕೈಗೆ ಸಿಗುವುದು ಊರಿನ ಚರಿತ್ರೆ.

ಮ್ಯಾಂಚೆಸ್ಟರ್ ಸಿಟಿ 2019ರಲ್ಲಿ ಪೂಮಾ ಕಂಪನಿಯ ಜೊತೆ ಸೇರಿದ ಮೇಲೆ ಇದು ಚೆನ್ನಾಗಿ ಕಾಣಿಸಿತು. 2019-20ರ ಹೋಮ್ ಜೆರ್ಸಿಗೆ ಊರಿನ ಹತ್ತಿ ಗಿರಣಿಗಳ ಮಗ್ಗವೇ ಸ್ಫೂರ್ತಿ. ಮುಂದಿನ ವರ್ಷದ ಅವೇ ಜೆರ್ಸಿ ಕಡು ಬಣ್ಣದ್ದು, ಅದರ ಮೇಲೆ ತಾಮ್ರದ ಬಣ್ಣದ ಗೆರೆಗಳು. ಅದಕ್ಕೆ ಸ್ಫೂರ್ತಿ ಕ್ಯಾಸಲ್‌ಫೀಲ್ಡ್ ಪ್ರದೇಶ ಮತ್ತು ಬ್ರಿಜ್‌ವಾಟರ್ ಕಾಲುವೆ. 1761ರಲ್ಲಿ ತೆರೆದ ಆ ಕಾಲುವೆ ಗಣಿಯ ಕಲ್ಲಿದ್ದಲನ್ನು ದೋಣಿಯಲ್ಲಿ ಊರಿಗೆ ತಂದು ಸುರಿಯುತ್ತಿತ್ತು. ಯುನೈಟೆಡ್ ಕೂಡ ಹಿಂದೆ ಬಿದ್ದಿಲ್ಲ. ಆ ಕ್ಲಬ್ 1878ರಲ್ಲಿ ಹುಟ್ಟಿದ್ದು ನ್ಯೂಟನ್ ಹೀತ್‌ನಲ್ಲಿದ್ದ ರೈಲ್ವೆ ಕಾರ್ಖಾನೆಯ ಕೆಲಸಗಾರರ ತಂಡವಾಗಿ. ಅದರ 140 ವರ್ಷದ ನೆನಪಿಗೆ 2018-19ರ ಕೆಂಪು ಜೆರ್ಸಿಯ ಕೆಳಭಾಗದಲ್ಲಿ ಕಪ್ಪು ಅಡ್ಡಗೀಟುಗಳು ಬಂದವು. ರೈಲು ಹಳಿಯನ್ನು ನೆನಪಿಸುವ ಗೀಟುಗಳು ಅವು.

ಹತ್ತಿಯ ಊರು ವಿಜ್ಞಾನದ ಊರಾದದ್ದು

ದಾವಣಗೆರೆಯನ್ನು 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಕರೆಯುವುದನ್ನು ಕೇಳಿಯೇ ಇರುತ್ತೀರಿ. ಹತ್ತಿ ಗಿರಣಿಗಳಿಂದ ಬಂದ ಹೆಸರು ಅದು. ನಿಜವಾದ ಮ್ಯಾಂಚೆಸ್ಟರ್‌ಗೂ ನಮಗೂ ಇದಕ್ಕಿಂತ ಹಳೆಯ ಸಂಬಂಧ ಇದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತಿತು. ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳು ಬಾಗಿಲು ಹಾಕಿದವು, ಕೆಲಸಗಾರರು ಉಪವಾಸ ಬಿದ್ದರು. ಆಗ ಗಿರಣಿ ಮಾಲೀಕರ ಕಣ್ಣು ಭಾರತದ ಹತ್ತಿಯ ಮೇಲೆ ಬಿತ್ತು. ಧಾರವಾಡದ ಕಪ್ಪು ಮಣ್ಣಿನಲ್ಲಿ ಅಮೆರಿಕದ ತಳಿಯ ಹತ್ತಿಯನ್ನು ಅದಕ್ಕೂ ಮೊದಲೇ ಬೆಳೆಸಲಾಗುತ್ತಿತ್ತು. ಅದಕ್ಕೆ ಒಮ್ಮೆಲೇ ಬೇಡಿಕೆ ಏರಿತು.

ಹತ್ತಿಯ ವ್ಯವಹಾರ ಬೆಳೆದಂತೆ ವಿಜ್ಞಾನವೂ ಬೆಳೆಯಿತು. ಬಟ್ಟೆ ಬಿಳಿ ಮಾಡಲು, ಬಣ್ಣ ಹಾಕಲು ರಸಾಯನ ಗೊತ್ತಿರಬೇಕು. ಉಗಿ ಯಂತ್ರ ಓಡಿಸಲು ಶಾಖದ ಲೆಕ್ಕ ಗೊತ್ತಿರಬೇಕು. ದುಡ್ಡಿದ್ದವರು ವಿಜ್ಞಾನದ ಸಂಘ ಕಟ್ಟಿದರು, ಕಾಲೇಜು ತೆರೆದರು. ವಸ್ತುಗಳೆಲ್ಲ ಪರಮಾಣುಗಳಿಂದ ಆಗಿವೆ, ಒಂದೊಂದು ಧಾತುವಿನ ಪರಮಾಣುವಿಗೂ ಅದರದ್ದೇ ತೂಕ ಇದೆ ಅಂತ ಜಾನ್ ಡಾಲ್ಟನ್ ಲೆಕ್ಕ ಹಾಕಿದ್ದು ಇಲ್ಲಿ. ಡಾಲ್ಟನ್ನರ ಬಳಿ ಪಾಠ ಕಲಿತ ಜೇಮ್ಸ್ ಜೂಲ್, ಕೆಲಸ ಮತ್ತು ಶಾಖ ಒಂದೇ ಶಕ್ತಿಯ ಎರಡು ರೂಪ ಅಂತ ಅಳೆದು ತೋರಿಸಿದ್ದೂ ಈ ಊರಿನಲ್ಲೇ. ಬಿಸ್ಕೆಟ್ ಪೊಟ್ಟಣದ ಮೇಲೆ ಕಾಣುವ ಕಿಲೋಜೂಲ್ ಅವರದೇ ಹೆಸರು. 1911ರಲ್ಲಿ ರುದರ್‌ಫೋರ್ಡ್ ಪರಮಾಣುವಿನ ನಡುವೆ ಬೀಜಕೇಂದ್ರ ಇದೆ ಅಂದದ್ದು, 2004ರಲ್ಲಿ ಗೈಮ್ ಮತ್ತು ನೊವೊಸೆಲೊವ್ ಅಂಟು ಟೇಪಿನಿಂದ ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಪದರ ಎಬ್ಬಿಸಿದ್ದು ಕೂಡ ಇಲ್ಲಿಯೇ.

ಫುಟ್‌ಬಾಲ್ ಕೂಡ ಇದೇ ಗಿರಣಿ ಜನರ ಆಟ. 12 ಕ್ಲಬ್‌ಗಳ ಫುಟ್‌ಬಾಲ್ ಲೀಗ್ ಅಧಿಕೃತವಾಗಿ ಶುರುವಾದದ್ದು 1888ರ ಏಪ್ರಿಲ್ 17ರಂದು, ಮ್ಯಾಂಚೆಸ್ಟರಿನ ರಾಯಲ್ ಹೋಟೆಲಿನ ಸಭೆಯಲ್ಲಿ.

ತೂತು ಇದ್ದರೆ ಏಳು, ಇಲ್ಲದಿದ್ದರೆ ಕೂರು

ಈಗ 2019ರ ಸಿಟಿ ಜೆರ್ಸಿಯನ್ನೇ ಹತ್ತಿರದಿಂದ ನೋಡೋಣ. ತಿಳಿ ನೀಲಿ ಮೈ, ತೋಳಿನ ಮೇಲೆ ನೇರಳೆಯ ಛಾಯೆ, ಅದರಲ್ಲಿ ಮಗ್ಗದ ಬಟ್ಟೆಯನ್ನು ನೆನಪಿಸುವ ಸಣ್ಣ ಸಣ್ಣ ವಿನ್ಯಾಸ. ಇದಕ್ಕೆ ಜಕಾರ್ಡ್ ವಿನ್ಯಾಸ ಅನ್ನುತ್ತಾರೆ.

ನೇಯ್ಗೆಯಲ್ಲಿ ಎರಡು ದಿಕ್ಕಿನ ನೂಲು ಇರುತ್ತದೆ. ಮಗ್ಗದ ಉದ್ದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ್ದು ಹಾಸು. ಲಾಳಿಯ ಜೊತೆ ಅಡ್ಡ ಓಡುವುದು ಹೊಕ್ಕು. ಹಾಸಿನ ಕೆಲವು ಎಳೆ ಮೇಲೆದ್ದು ಕೆಲವು ಕೆಳಗೆ ಉಳಿದಾಗ ನಡುವೆ ಸಂದು ಆಗುತ್ತದೆ. ಲಾಳಿ ಆ ಸಂದಿಯಲ್ಲಿ ಓಡುತ್ತದೆ. ಯಾವ ಎಳೆ ಮೇಲೇಳಬೇಕು ಅನ್ನುವುದನ್ನು ಪ್ರತಿ ಸಾಲಿಗೂ ಬದಲಿಸುತ್ತಾ ಹೋದರೆ ಬಟ್ಟೆಯಲ್ಲಿ ಹೂವು, ಹಕ್ಕಿ, ಬುಗುಡಿ ಏನು ಬೇಕಾದರೂ ಮೂಡುತ್ತದೆ. ಕಷ್ಟ ಏನಂದರೆ ಸಾವಿರಾರು ಎಳೆಗಳಲ್ಲಿ ಯಾವುದು ಯಾವಾಗ ಏಳಬೇಕು ಅಂತ ನೆನಪಿಡುವುದು. ಹಿಂದೆ ಮಗ್ಗದ ಪಕ್ಕ ಒಬ್ಬ ಹುಡುಗ ಕೂತು ಹಗ್ಗ ಎಳೆದು ಎಳೆದು ಈ ಕೆಲಸ ಮಾಡಬೇಕಿತ್ತು.

ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮಾರಿ ಜಕಾರ್ಡ್ 1804ರ ಹೊತ್ತಿಗೆ ಇದಕ್ಕೊಂದು ಯಂತ್ರ ರೂಪಿಸಿದರು. ವಿನ್ಯಾಸದ ಪ್ರತಿ ಸಾಲಿಗೂ ತೂತು ಕೊರೆದ ಒಂದು ರಟ್ಟಿನ ಕಾರ್ಡು. ರಟ್ಟು ಸೂಜಿಗಳ ಸಾಲಿಗೆ ಒತ್ತುತ್ತದೆ. ತೂತಿದ್ದ ಕಡೆ ಸೂಜಿ ಒಳಗೆ ಹೋಗುತ್ತದೆ, ಅದಕ್ಕೆ ಸೇರಿದ ಕೊಕ್ಕೆ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದ ಕಡೆ ಎಳೆ ಕೂತಲ್ಲೇ ಕೂರುತ್ತದೆ. ಸಾಲು ಮುಗಿದ ಕೂಡಲೇ ಮುಂದಿನ ರಟ್ಟು. ದೊಡ್ಡಬಳ್ಳಾಪುರ, ಆನೇಕಲ್ ಕಡೆ ರೇಷ್ಮೆ ಮಗ್ಗ ನೋಡಿದವರಿಗೆ ಮಗ್ಗದ ತಲೆಯ ಮೇಲಿಂದ ಇಳಿಬಿದ್ದ ಈ ರಟ್ಟುಗಳ ಸರ ಚೆನ್ನಾಗಿ ಗೊತ್ತು. ಸೀರೆಯ ಅಂಚು, ಸೆರಗು ಮೂಡುವುದೇ ಅದರಿಂದ.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಆ ರಟ್ಟು ವಿನ್ಯಾಸದ ಚಿತ್ರವಲ್ಲ, ಅದು ಯಂತ್ರಕ್ಕೆ ಕೊಟ್ಟ ಸೂಚನೆ. ಯಂತ್ರ ಅದೇ, ರಟ್ಟು ಬದಲಿಸಿದರೆ ಬಟ್ಟೆ ಬೇರೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 19ನೇ ಶತಮಾನದಲ್ಲಿ ಲೆಕ್ಕ ಮಾಡುವ ಯಂತ್ರ ಯೋಚಿಸಿದಾಗ ಈ ಕಾರ್ಡುಗಳನ್ನೇ ಬಳಸಲು ಹೊರಟಿದ್ದರು.

ಆಮೇಲೆ 1948. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಫ್ರೆಡ್ಡಿ ವಿಲಿಯಮ್ಸ್, ಟಾಮ್ ಕಿಲ್ಬರ್ನ್, ಜೆಫ್ ಟೂಟಿಲ್ ಸೇರಿ ಒಂದು ಯಂತ್ರ ಕಟ್ಟಿದರು. ಅದನ್ನು ಪ್ರೀತಿಯಿಂದ 'ಬೇಬಿ' ಅಂತ ಕರೆಯುತ್ತಿದ್ದರು. ಸೂಚನೆ ಮತ್ತು ಲೆಕ್ಕ ಎರಡನ್ನೂ ತನ್ನ ವಿದ್ಯುನ್ಮಾನ ನೆನಪಿನಲ್ಲೇ ಇಟ್ಟುಕೊಂಡು ಓಡಿದ ಜಗತ್ತಿನ ಮೊದಲ ಕಂಪ್ಯೂಟರ್ ಅದು. ಅದಕ್ಕೆ ಸೂಚನೆ ತುಂಬುತ್ತಿದ್ದದ್ದು ರಟ್ಟಿನಿಂದ ಅಲ್ಲ, ಸ್ವಿಚ್ಚುಗಳಿಂದ. ಆದರೆ ಇದೆ ಅಥವಾ ಇಲ್ಲ ಅನ್ನುವ ಎರಡೇ ಗುರುತಿನಲ್ಲಿ ಎಲ್ಲವನ್ನೂ ಬರೆಯುವ ಕ್ರಮ ಅದೇ. ಟಿವಿಯಂಥ ಗಾಜಿನ ಕೊಳವೆಯ ಮುಖದ ಮೇಲೆ 32 ಸಾಲು, ಸಾಲಿಗೆ 32 ಚುಕ್ಕಿ. ಅಷ್ಟೇ ಅದರ ನೆನಪು. ಚುಕ್ಕಿಗಳು ಕ್ಷಣದಲ್ಲಿ ಅಳಿಸಿಹೋಗುತ್ತಿದ್ದವು, ಯಂತ್ರ ಅವನ್ನು ಮತ್ತೆ ಮತ್ತೆ ಬರೆದುಕೊಳ್ಳುತ್ತಿತ್ತು. ಜೂನ್ 21ರಂದು ಕಿಲ್ಬರ್ನ್ ಬರೆದ 17 ಸೂಚನೆಗಳ ಪ್ರೋಗ್ರಾಮ್ ಓಡಿತು. 2,62,144 ಸಂಖ್ಯೆಯನ್ನು ಭಾಗಿಸುವ, ಅದಕ್ಕಿಂತ ಚಿಕ್ಕದಾದ ಅತಿ ದೊಡ್ಡ ಸಂಖ್ಯೆ ಹುಡುಕುವುದು ಕೆಲಸ. 52 ನಿಮಿಷದ ಮೇಲೆ ಉತ್ತರ ಬಂತು: 1,31,072. ಮನಸ್ಸಿನಲ್ಲೇ ಅರ್ಧ ಮಾಡಿ ಹೇಳಬಹುದಾದ ಲೆಕ್ಕ ಅಲ್ವಾ? ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನೇ ಬೇಕೆಂದು ಕೊಟ್ಟಿದ್ದರು. ಯಂತ್ರ ಅಷ್ಟು ಹೊತ್ತು ತಪ್ಪದೆ ಓಡುತ್ತದೋ ಇಲ್ಲವೋ ಅನ್ನುವುದೇ ಪರೀಕ್ಷೆ.

ಜೆರ್ಸಿಗೆ ವಾಪಸ್ ಬರೋಣ. ಫುಟ್‌ಬಾಲ್ ಜೆರ್ಸಿ ಮಗ್ಗದಲ್ಲಿ ನೇಯ್ದ ಬಟ್ಟೆಯಲ್ಲ. ಅದು ಕುಣಿಕೆಗೆ ಕುಣಿಕೆ ಹಾಕಿ ಹೆಣೆದದ್ದು, ಸ್ವೆಟರಿನ ಹೆಣಿಗೆಯೇ ತುಂಬ ಸಣ್ಣದಾಗಿ. ಹಾಗಾಗಿಯೇ ಎಳೆದರೆ ಹಿಗ್ಗುತ್ತದೆ. ಹೆಣೆಯುವ ಯಂತ್ರದಲ್ಲಿ ನೂರಾರು ಸೂಜಿಗಳು ದುಂಡಗೆ ನಿಂತಿರುತ್ತವೆ. ಯಾವ ಸೂಜಿ ಈ ಸುತ್ತಿನಲ್ಲಿ ಕುಣಿಕೆ ಹಾಕಬೇಕು, ಯಾವುದು ಬಿಡಬೇಕು ಅಂತ ಕಂಪ್ಯೂಟರ್ ಹೇಳುತ್ತದೆ. ಹೀಗೆ ಒಂದೊಂದು ಸೂಜಿಯನ್ನೂ ಬೇರೆ ಬೇರೆಯಾಗಿ ಆರಿಸಿ ಹೆಣೆದದ್ದಕ್ಕೂ ಜಕಾರ್ಡ್ ಅಂತಲೇ ಹೆಸರು. ರಟ್ಟು ಹೋಯಿತು, ಫೈಲು ಬಂತು. ಮಗ್ಗದ ನೆನಪಿಗೆ ಅಂತ ಮಾಡಿದ ಆ ತೋಳಿನಲ್ಲಿ ಗಿರಣಿಯ ಕಥೆಯಷ್ಟೇ ಬೇಬಿಯ ಕಥೆಯೂ ಇದೆ. ಕ್ಲಬ್ ಹೇಳಿದ್ದು ಮೊದಲನೆಯದನ್ನು ಮಾತ್ರ.

ನೂಲೇ ಮ್ಯಾಂಚೆಸ್ಟರಿನದು

ಯಾವುದೇ ಜೆರ್ಸಿಯ ಒಳಗೆ ಹೊಲಿದಿರುವ ಪಟ್ಟಿ ತಿರುಗಿಸಿ ಓದಿ. ಬಹುತೇಕ '100 ಶೇಕಡಾ ಪಾಲಿಯೆಸ್ಟರ್' ಅಂತ ಇರುತ್ತದೆ. ಈ ಪಾಲಿಯೆಸ್ಟರ್ ನೂಲು ಹುಟ್ಟಿದ್ದು ಮ್ಯಾಂಚೆಸ್ಟರಿನ ಒಂದು ಬಟ್ಟೆ ಕಂಪನಿಯಲ್ಲಿ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕಂಪನಿಯ ಹೆಸರು ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್. ಹತ್ತಿ ಬಟ್ಟೆಗೆ ಅಚ್ಚು ಹಾಕುವುದು ಅವರ ಕಸುಬು. ಮುಖ್ಯ ಕಚೇರಿ ಮ್ಯಾಂಚೆಸ್ಟರಿನ ಆಕ್ಸ್‌ಫರ್ಡ್ ಬೀದಿಯಲ್ಲಿತ್ತು, ಪ್ರಯೋಗಾಲಯ ಊರಿನ ಉತ್ತರಕ್ಕಿರುವ ಆಕ್ರಿಂಗ್ಟನ್‌ನಲ್ಲಿತ್ತು. ಅಲ್ಲಿ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಅವರ ಎಳೆಯ ಸಹಾಯಕ ಜೇಮ್ಸ್ ಟೆನೆಂಟ್ ಡಿಕ್ಸನ್ ಹೊಸ ನೂಲಿನ ಹುಡುಕಾಟದಲ್ಲಿದ್ದರು. ಅಮೆರಿಕದಲ್ಲಿ ವ್ಯಾಲೇಸ್ ಕರೋಥರ್ಸ್ ಅದಕ್ಕೆ ಮೊದಲೇ ಪಾಲಿಯೆಸ್ಟರ್ ಬಗೆಯ ವಸ್ತು ಮಾಡಿ ನೋಡಿ, ಅದು ಸ್ವಲ್ಪ ಬಿಸಿಗೇ ಕರಗುತ್ತದೆ ಅಂತ ಬಿಟ್ಟು, ನೈಲಾನಿನ ಕಡೆ ಹೋಗಿದ್ದರು. ಬಿಸಿನೀರಿಗೆ ಹಾಕಿದರೆ ಮೆತ್ತಗಾಗುವ ಬಟ್ಟೆ ಯಾರಿಗೆ ಬೇಕು?

ವಿನ್‌ಫೀಲ್ಡ್ ಯೋಚಿಸಿದ್ದು ಹೀಗೆ. ಪಾಲಿಯೆಸ್ಟರ್ ಅಂದರೆ ಎರಡು ಬಗೆಯ ಅಣುಗಳು ಒಂದರ ಪಕ್ಕ ಒಂದು ಸೇರಿ ಆಗುವ ಉದ್ದನೆಯ ಸರಪಳಿ. ಎರಡು ಬಗೆಯ ಅಣುವಿಗೂ ಎರಡೂ ತುದಿಯಲ್ಲಿ ಕೂಡಿಕೊಳ್ಳುವ ಗುಣ ಇರುತ್ತದೆ, ಹಾಗಾಗಿ ಸರಪಳಿ ಬೆಳೆಯುತ್ತಲೇ ಹೋಗುತ್ತದೆ. ಕರೋಥರ್ಸ್ ಬಳಸಿದ ಅಣುಗಳು ಬಳುಕುವಂಥವು. ಅವುಗಳ ಬದಲು ನಡುವೆ ಗಟ್ಟಿ ಉಂಗುರ ಇರುವ, ಎರಡು ಕಡೆಯೂ ಸಮನಾಗಿರುವ ಟೆರೆಫ್ತಾಲಿಕ್ ಆಮ್ಲ ಹಾಕಿದರೆ? ಸರಪಳಿ ಬಿಗಿಯಾಗುತ್ತದೆ, ಸರಪಳಿಗಳು ಒತ್ತೊತ್ತಾಗಿ ಕೂರುತ್ತವೆ, ಬೇಗ ಕರಗುವುದಿಲ್ಲ. ಅದನ್ನು ಎಥಿಲೀನ್ ಗ್ಲೈಕಾಲ್ ಜೊತೆ ಸೇರಿಸಿ ಕಾಯಿಸಿದರು. ಸಿಕ್ಕಿದ್ದು ಬಣ್ಣಗೆಟ್ಟ ಒಂದು ಮುದ್ದೆ. ಅದರಿಂದ ಎಳೆದರೆ ನೂಲು ಬಂತು. ಈ ವಸ್ತು ಕರಗಲು ಸುಮಾರು 260 ಡಿಗ್ರಿ ಸೆಲ್ಸಿಯಸ್ ಬೇಕು. 1941ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಯುದ್ಧದ ಕಾಲವಾದ್ದರಿಂದ ಸುದ್ದಿ ಹೊರಗೆ ಬರಲಿಲ್ಲ. ಆಮೇಲೆ ಬ್ರಿಟನ್ನಿನಲ್ಲಿ ಐಸಿಐ ಕಂಪನಿ ಇದನ್ನು 'ಟೆರಿಲೀನ್' ಹೆಸರಿನಲ್ಲಿ ಮಾಡಿತು, ಅಮೆರಿಕದಲ್ಲಿ ಡುಪಾಂಟ್ 'ಡೇಕ್ರಾನ್' ಅಂತ ಮಾರಿತು. ನಮ್ಮಲ್ಲಿ ಟೆರಿಲೀನ್ ಶರ್ಟು, ಟೆರಿಕಾಟ್ ಪ್ಯಾಂಟು ಅಂತ ಹಿರಿಯರು ಹೇಳುವುದು ಇದನ್ನೇ. ಹತ್ತಿ ಬಟ್ಟೆಗೆ ಅಚ್ಚು ಹಾಕುತ್ತಿದ್ದ ಕಂಪನಿಯೇ ಹತ್ತಿಗೆ ಅತಿ ದೊಡ್ಡ ಪೈಪೋಟಿಯನ್ನು ಹುಟ್ಟಿಸಿತ್ತು.

ಆಟಗಾರನಿಗೆ ಇದು ಯಾಕೆ ಮುಖ್ಯ? ಹತ್ತಿ ನೀರನ್ನು ತನ್ನೊಳಗೆ ಹೀರಿಕೊಳ್ಳುತ್ತದೆ. ಸಾಮಾನ್ಯ ಹವೆಯಲ್ಲೇ ಅದರ ತೂಕದ ಶೇಕಡಾ 7-8ರಷ್ಟು ತೇವ ಇರುತ್ತದೆ. ಬೆವರಿದರೆ ಕೇಳುವುದೇ ಬೇಡ, ಅಂಗಿ ಮೈಗೆ ಅಂಟಿ ಭಾರವಾಗುತ್ತದೆ. ಪಾಲಿಯೆಸ್ಟರ್ ನೂಲಿನೊಳಗೆ ಹೋಗುವ ತೇವ ಶೇಕಡಾ 0.4ರಷ್ಟು ಮಾತ್ರ. ಹಾಗಾದರೆ ಬೆವರು ಎಲ್ಲಿ ಹೋಗುತ್ತದೆ? ನೂಲಿನ ಎಳೆಗಳ ನಡುವೆ ಕೂದಲಿಗಿಂತ ಸಣ್ಣ ಸಂದುಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಂಡ ಹಾಗೆ ಆ ಸಂದುಗಳು ಬೆವರನ್ನು ಮೈಯಿಂದ ಬಟ್ಟೆಯ ಹೊರಮೈಗೆ ಎಳೆದು ಹರಡುತ್ತವೆ. ಅಲ್ಲಿ ಗಾಳಿಗೆ ಬೇಗ ಆರುತ್ತದೆ. ಎಳೆಯ ಅಡ್ಡಕೊಯ್ತ ದುಂಡಗಿರುವ ಬದಲು ಅಲ್ಲಲ್ಲಿ ತೋಡು ಇರುವಂತೆ ಮಾಡಿದರೆ ಇನ್ನೂ ಚೆನ್ನಾಗಿ ಎಳೆಯುತ್ತದೆ. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿಟ್ಟು ಹೊಗಳುವ 'ಬೆವರು ಒಣಗಿಸುವ ತಂತ್ರಜ್ಞಾನ'ದ ತಿರುಳು ಮುಖ್ಯವಾಗಿ ಇಷ್ಟೇ.

ಇನ್ನೊಂದು ವಿಷಯ. ನೀರಿನ ಪ್ಲಾಸ್ಟಿಕ್ ಬಾಟಲಿ ಮತ್ತು ಜೆರ್ಸಿ ಒಂದೇ ವಸ್ತು. ಬಾಟಲಿ ಕರಗಿಸಿ ನೂಲು ತೆಗೆಯಬಹುದು. 2010ರ ವಿಶ್ವಕಪ್‌ಗೆ ನೈಕಿ ಕಂಪನಿ ಒಂದು ಜೆರ್ಸಿಗೆ ಎಂಟು ಬಾಟಲಿಯವರೆಗೆ ಬಳಸಿ ಹಲವು ದೇಶಗಳ ತಂಡಕ್ಕೆ ಕೊಟ್ಟಿತ್ತು.

ಬಣ್ಣ ಕೂರುವುದು ಹೇಗೆ?

ಊರಿನ ಕ್ರಿಕೆಟ್ ಟೂರ್ನಮೆಂಟಿಗೆ ಜೆರ್ಸಿ ಮಾಡಿಸಿದವರು 'ಸಬ್ಲಿಮೇಷನ್ ಪ್ರಿಂಟ್' ಅನ್ನುವ ಮಾತು ಕೇಳಿರುತ್ತಾರೆ. ಕರ್ಪೂರ ಕರಗದೆ, ದ್ರವವಾಗದೆ ನೇರವಾಗಿ ಆವಿಯಾಗುತ್ತದಲ್ಲ, ಅದೇ ಕ್ರಿಯೆ. ವಿನ್ಯಾಸವನ್ನು ಮೊದಲು ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕುತ್ತಾರೆ. ಕಾಗದವನ್ನು ಬಟ್ಟೆಗೆ ಒತ್ತಿ ಸುಮಾರು 200 ಡಿಗ್ರಿ ಬಿಸಿ ಕೊಡುತ್ತಾರೆ. ಬಣ್ಣ ಆವಿಯಾಗುತ್ತದೆ. ಅದೇ ಹೊತ್ತಿಗೆ ಪಾಲಿಯೆಸ್ಟರಿನ ಸರಪಳಿಗಳು ಬಿಸಿಗೆ ಸಡಿಲವಾಗುತ್ತವೆ. ಬಣ್ಣದ ಅಣುಗಳು ಒಳಗೆ ನುಗ್ಗುತ್ತವೆ. ತಣ್ಣಗಾದಾಗ ಸರಪಳಿ ಬಿಗಿಯಾಗಿ ಬಣ್ಣ ಒಳಗೇ ಉಳಿಯುತ್ತದೆ.

ಅದಕ್ಕೇ ಬೆನ್ನಿನ ನಂಬರಿನ ಸ್ಟಿಕ್ಕರ್ ನಾಲ್ಕಾರು ಸಲ ಒಗೆದ ಮೇಲೆ ಬಿರುಕು ಬಿಟ್ಟರೂ ಸಬ್ಲಿಮೇಷನ್ ವಿನ್ಯಾಸ ಏಳುವುದಿಲ್ಲ. ಉಗುರಿನಿಂದ ಕೆರೆದರೆ ಕೈಗೆ ಏನೂ ಸಿಗುವುದಿಲ್ಲ. ಹತ್ತಿ ಬಟ್ಟೆಗೆ ಇದೇ ಬಣ್ಣ ಈ ರೀತಿ ಹಿಡಿಯುವುದಿಲ್ಲ.

ಕಾರ್ಖಾನೆಯಿಂದ ಹುಟ್ಟಿದ ತಂಡಗಳು

ವಿಜ್ಞಾನ ಮತ್ತು ಫುಟ್‌ಬಾಲ್ ಜೊತೆಯಾದದ್ದು ಮ್ಯಾಂಚೆಸ್ಟರಿನಲ್ಲಿ ಮಾತ್ರ ಅಲ್ಲ. ಜರ್ಮನಿಯ ಯೆನಾ ಊರು ಸೂಕ್ಷ್ಮದರ್ಶಕ ಮತ್ತು ಮಸೂರಗಳಿಗೆ ಹೆಸರಾದದ್ದು. ಅಲ್ಲಿನ ಕಾರ್ಲ್ ಝೈಸ್ ಕಾರ್ಖಾನೆಯ ಕೆಲಸಗಾರರು 1903ರಲ್ಲಿ ಕಟ್ಟಿದ ತಂಡ ಇಂದಿಗೂ ಕಾರ್ಲ್ ಝೈಸ್ ಯೆನಾ ಅಂತಲೇ ಆಡುತ್ತಿದೆ. ಲೆವರ್‌ಕೂಸನ್ ತಂಡದ ಲಾಂಛನದಲ್ಲಿ ಬೇಯರ್ ಔಷಧ ಕಂಪನಿಯ ಗುರುತಿದೆ. ಐಂಡ್‌ಹೋವನ್‌ನ ಪಿಎಸ್‌ವಿಯಲ್ಲಿ 'ಪಿ' ಅಂದರೆ ಫಿಲಿಪ್ಸ್, ಬಲ್ಬಿನ ಕಂಪನಿ. 1962ರಲ್ಲಿ ಟೆಲ್‌ಸ್ಟಾರ್ ಉಪಗ್ರಹ ಸಾಗರದಾಚೆಗೆ ಟಿವಿ ಚಿತ್ರ ಕಳಿಸಿತು. ಮರುವರ್ಷ ಹಾಲೆಂಡಿನಲ್ಲಿ ಎರಡು ತಂಡ ಸೇರಿ ಒಂದಾದಾಗ ಅದಕ್ಕೆ ಟೆಲ್‌ಸ್ಟಾರ್ ಅಂತಲೇ ಹೆಸರಿಟ್ಟರು.

ಬೆಂಗಳೂರಿನವರಿಗೆ ಇದು ಹೊಸದಲ್ಲ. ವಿಮಾನ ಕಟ್ಟುವ ಎಚ್‌ಎಎಲ್, ಟೆಲಿಫೋನ್ ಮಾಡುತ್ತಿದ್ದ ಐಟಿಐ ತಂಡಗಳು ಎಷ್ಟೋ ವರ್ಷ ನಮ್ಮ ಫುಟ್‌ಬಾಲ್‌ನ ಬೆನ್ನೆಲುಬಾಗಿದ್ದವು. 2010ರ ದಶಕದ ಶುರುವಿನಲ್ಲಿ ಎಚ್‌ಎಎಲ್ ತಂಡ ಐ-ಲೀಗ್‌ನಲ್ಲೂ ಆಡಿತ್ತು. ಆ ಕಾಲದಲ್ಲಿ ಜೆರ್ಸಿಗೆ ಕಥೆ ಕಟ್ಟುವ ಪದ್ಧತಿ ಇರಲಿಲ್ಲ. ಇದ್ದಿದ್ದರೆ ನಮ್ಮ ಊರಿನ ವಿಮಾನದ ರೆಕ್ಕೆಯೋ ಟೆಲಿಫೋನ್ ಎಕ್ಸ್‌ಚೇಂಜಿನ ತಂತಿಗಳೋ ಒಂದು ಜೆರ್ಸಿಯ ಮೇಲೆ ಬಂದಿರುತ್ತಿದ್ದವು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಡಾಲ್ಟನ್ನರ ಕಣ್ಣು

ಮ್ಯಾಂಚೆಸ್ಟರಿನ ವಿಜ್ಞಾನಿಗಳಲ್ಲಿ ಜೆರ್ಸಿಗೆ ಹೇಳಿ ಮಾಡಿಸಿದಂಥವರು ಜಾನ್ ಡಾಲ್ಟನ್. ಧಾತುಗಳಿಗೆ ಅವರು ಬರೆದ ಗುರುತುಗಳೇ ಒಂದು ವಿನ್ಯಾಸ: ಆಮ್ಲಜನಕ ಖಾಲಿ ವೃತ್ತ, ಜಲಜನಕ ನಡುವೆ ಚುಕ್ಕಿ ಇರುವ ವೃತ್ತ, ಇಂಗಾಲ ತುಂಬಿದ ಕಪ್ಪು ವೃತ್ತ. ಆದರೆ ನಾನು ಹೇಳಬೇಕೆಂದಿರುವುದು ಅವರ ಇನ್ನೊಂದು ಕೆಲಸದ ಬಗ್ಗೆ.

1792ರಲ್ಲಿ ಡಾಲ್ಟನ್ ಒಂದು ಜೆರೇನಿಯಂ ಹೂವು ನೋಡುತ್ತಿದ್ದರು. ಹಗಲಿನಲ್ಲಿ ಅವರಿಗೆ ಅದು ಆಕಾಶದ ನೀಲಿ. ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಅದೇ ಹೂವು ಕೆಂಪು. ಸುತ್ತಲಿದ್ದವರನ್ನು ಕೇಳಿದರು. ಬಣ್ಣ ಹಾಗೇನೂ ಬದಲಾಗಿಲ್ಲ, ಹೂವು ಗುಲಾಬಿ ಬಣ್ಣದ್ದೇ ಅಂದರು. ಅವರ ಅಣ್ಣ ಮಾತ್ರ ನನಗೂ ನಿನ್ನ ಹಾಗೆಯೇ ಕಾಣುತ್ತದೆ ಅಂದರು. ಸಾಮಾನ್ಯರು ಇಲ್ಲಿಗೆ ಬಿಟ್ಟುಬಿಡುತ್ತಿದ್ದರು. ಡಾಲ್ಟನ್ ಬಿಡಲಿಲ್ಲ. ಬಣ್ಣ ಬಣ್ಣದ ರೇಷ್ಮೆ ಪಟ್ಟಿ ಹಿಡಿದು ತಮಗೆ ಏನು ಕಾಣುತ್ತದೆ, ಬೇರೆಯವರಿಗೆ ಏನು ಕಾಣುತ್ತದೆ ಅಂತ ಹೋಲಿಸಿ ನೋಡಿದರು. ಕಾಗದಕ್ಕೆ ಹಾಕುವ ಕೆಂಪು ಅರಗು ಮತ್ತು ಲಾರೆಲ್ ಗಿಡದ ಹಸಿರು ಎಲೆ ತಮಗೆ ಹೆಚ್ಚು ಕಡಿಮೆ ಒಂದೇ ಬಣ್ಣ ಅಂತ ಬರೆದರು. 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವಾಂಸರ ಸಂಘದಲ್ಲಿ ಇದನ್ನು ಓದಿದರು. ಬಣ್ಣಗುರುಡನ್ನು ವಿಜ್ಞಾನದ ರೀತಿಯಲ್ಲಿ ವಿವರಿಸಿದ ಮೊದಲ ಬರಹಗಳಲ್ಲಿ ಅದೊಂದು.

ಕಾರಣ ಏನಿರಬಹುದು? ತಮ್ಮ ಕಣ್ಣೊಳಗಿನ ದ್ರವ ನೀಲಿ ಇರಬೇಕು, ಅದು ಕೆಂಪನ್ನು ತಡೆಯುತ್ತಿದೆ ಅಂತ ಅವರು ಊಹಿಸಿದ್ದರು. ಸತ್ತ ಮೇಲೆ ಕಣ್ಣು ಕೊಯ್ದು ನೋಡಿ ಅಂತ ಹೇಳಿಟ್ಟಿದ್ದರು. 1844ರಲ್ಲಿ ಅವರು ತೀರಿಕೊಂಡಾಗ ವೈದ್ಯ ಜೋಸೆಫ್ ರಾನ್ಸಮ್ ಹಾಗೆಯೇ ಮಾಡಿದರು. ದ್ರವ ತಿಳಿಯಾಗಿತ್ತು. ಊಹೆ ತಪ್ಪಿತ್ತು. ಆದರೆ ಕಣ್ಣುಗಳನ್ನು ಜೋಪಾನವಾಗಿ ಇಟ್ಟಿದ್ದರು. 150 ವರ್ಷದ ಮೇಲೆ, 1995ರಲ್ಲಿ, ವಿಜ್ಞಾನಿಗಳು ಅದರ ಚೂರಿನಿಂದ ಡಿಎನ್‌ಎ ತೆಗೆದು ಪರೀಕ್ಷಿಸಿದರು. ನಮ್ಮ ಕಣ್ಣಿನ ಹಿಂಭಾಗದ ಪರದೆಯಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳಿವೆ. ಡಾಲ್ಟನ್ನರಲ್ಲಿ ಹಸಿರಿನ ಸುತ್ತಲಿನ ಬೆಳಕನ್ನು ಹಿಡಿಯುವ ಬಗೆ ಇರಲಿಲ್ಲ. ಈ ಕೋಶದ ವಂಶವಾಹಿ ಎಕ್ಸ್ ಕ್ರೋಮೋಸೋಮಿನಲ್ಲಿ ಇರುತ್ತದೆ. ಹೆಂಗಸರಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕೈ ಹಿಡಿಯುತ್ತದೆ. ಗಂಡಸರಿಗೆ ಇರುವುದೇ ಒಂದು. ಹಾಗಾಗಿ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ, ಹೆಂಗಸರಲ್ಲಿ 200ಕ್ಕೆ ಒಬ್ಬರಿಗೆ ಒಂದಲ್ಲ ಒಂದು ಮಟ್ಟದ ಬಣ್ಣಗುರುಡು ಇದೆ.

ತುಂಬಿದ ಕ್ರೀಡಾಂಗಣಕ್ಕೆ ಈ ಲೆಕ್ಕ ಹಾಕಿ ನೋಡಿ. ಸಾವಿರಾರು ಜನರಿಗೆ ಕೆಂಪು ತಂಡ ಯಾವುದು, ಹಸಿರು ತಂಡ ಯಾವುದು ಅಂತ ಗೊತ್ತಾಗುವುದಿಲ್ಲ. 2018ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ರಷ್ಯಾ ಕೆಂಪು, ಸೌದಿ ಅರೇಬಿಯಾ ಹಸಿರು ಹಾಕಿಕೊಂಡು ಇಳಿದವು. ಉಳಿದವರಿಗೆ ಎರಡೂ ಕಡು ವಿರುದ್ಧ ಬಣ್ಣ. ಡಾಲ್ಟನ್ನರಂಥ ಕಣ್ಣಿನವರಿಗೆ ಹಸಿರು ಹುಲ್ಲಿನ ಮೇಲೆ, ಗೋಲ್‌ಕೀಪರ್‌ಗಳನ್ನು ಬಿಟ್ಟು, 20 ಜನ ಒಂದೇ ಮಬ್ಬು ಬಣ್ಣದ ಅಂಗಿಯಲ್ಲಿ ಓಡುತ್ತಿದ್ದರು. ಮ್ಯಾಂಚೆಸ್ಟರಿನ ಎರಡು ಕ್ಲಬ್‌ಗಳ ಪಂದ್ಯ ಮಾತ್ರ ಅವರಿಗೂ ಸುಲಭ. ಯುನೈಟೆಡ್‌ನ ಕೆಂಪು ಕಂದಾಗಿ ಕಾಣಬಹುದು, ಸಿಟಿಯ ನೀಲಿ ನೀಲಿಯಾಗಿಯೇ ಇರುತ್ತದೆ.

ಕಣ್ಣು ಸರಿ ಇದ್ದವರಿಗೂ ಬಣ್ಣ ಕೈ ಕೊಡಬಹುದು. 1996ರ ಏಪ್ರಿಲ್ 13ರಂದು ಯುನೈಟೆಡ್ ತಂಡ ಬೂದು ಬಣ್ಣದ ಅವೇ ಜೆರ್ಸಿಯಲ್ಲಿ ಸೌತಾಂಪ್ಟನ್ ಎದುರು ಇಳಿಯಿತು. ಅರ್ಧ ಪಂದ್ಯಕ್ಕೇ 3-0 ಹಿಂದೆ. ವಿರಾಮದಲ್ಲಿ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಆಟಗಾರರ ಜೆರ್ಸಿ ಬದಲಾಯಿಸಿದರು. ಗ್ಯಾಲರಿಯ ಜನರ ನಡುವೆ ಜೊತೆಯ ಆಟಗಾರರು ಕಣ್ಣಿಗೆ ಬೀಳುತ್ತಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಪಂದ್ಯ 3-1ಕ್ಕೆ ಮುಗಿಯಿತು. ಆ ಬೂದು ಜೆರ್ಸಿಯಲ್ಲಿ ಯುನೈಟೆಡ್ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಸೋಲಿಗೆ ಬಟ್ಟೆಯೊಂದೇ ಕಾರಣ ಅಂತ ಹೇಳಲಾಗದು. ಆದರೆ ಓಡುತ್ತಾ ಓರೆಗಣ್ಣಿನಲ್ಲಿ ನೋಡಿ ಚೆಂಡು ಕೊಡಬೇಕಾದ ಆಟದಲ್ಲಿ, ಹಿನ್ನೆಲೆಯಿಂದ ಬೇರೆಯಾಗಿ ಕಾಣದ ಬಣ್ಣ ತೊಂದರೆ ಕೊಡುತ್ತದೆ ಅನ್ನುವುದು ನಿಜ.

ಅಂಗಡಿಯಲ್ಲಿ ಜೆರ್ಸಿ ಕೈಗೆ ತೆಗೆದುಕೊಂಡಾಗ

ಮುಂದೆ ಯಾವುದಾದರೂ ಜೆರ್ಸಿ ಸಿಕ್ಕರೆ ಒಳಮಗ್ಗುಲು ತಿರುಗಿಸಿ. ವಿನ್ಯಾಸ ಒಳಗಡೆಯೂ ಕಂಡರೆ, ಬೆರಳಿಗೆ ಉಬ್ಬುತಗ್ಗು ತಾಗಿದರೆ ಅದು ಹೆಣೆಯುವಾಗಲೇ ಬಂದದ್ದು, ಜಕಾರ್ಡ್. ಒಳಗಡೆ ಬಿಳಿಯಾಗಿದ್ದು ಹೊರಗೆ ಮಾತ್ರ ಚಿತ್ರ ಇದ್ದರೆ ಹೆಚ್ಚಾಗಿ ಸಬ್ಲಿಮೇಷನ್. ಬಟ್ಟೆಯ ಒಳಮೈಗೆ ಒಂದು ಹನಿ ನೀರು ಬಿಟ್ಟು ಹೊರಮೈ ನೋಡಿ. ಹನಿ ಬೇಗ ಅಗಲವಾಗಿ ಹರಡಿದರೆ ಹೆಣಿಗೆ ಚೆನ್ನಾಗಿದೆ. ಹನಿ ಮಣಿಯಂತೆ ಕೂತೇ ಇದ್ದರೆ ಹಾಕಿಕೊಂಡು ಆಡಿದಾಗ ಸೆಖೆ ಆಗುತ್ತದೆ.

ನಿಮ್ಮ ಊರಿನ ಟೂರ್ನಮೆಂಟಿಗೆ ನೀವೇ ಜೆರ್ಸಿ ಆರಿಸುವವರಾದರೆ ಇನ್ನೊಂದು ಕೆಲಸ ಮಾಡಿ. ಎರಡೂ ತಂಡದ ಜೆರ್ಸಿಯನ್ನು ಅಕ್ಕಪಕ್ಕ ಇಟ್ಟು ಫೋಟೊ ತೆಗೆದು, ಫೋನಿನಲ್ಲೇ ಅದನ್ನು ಕಪ್ಪು ಬಿಳುಪು ಮಾಡಿ. ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ ಒಂದನ್ನು ತಿಳಿ ಬಣ್ಣಕ್ಕೆ ಬದಲಿಸಲು ಅಂಗಡಿಯವರಿಗೆ ಹೇಳಿ. ಅಚ್ಚು ಹಾಕುವ ಮೊದಲೇ ಹೇಳಿದರೆ ಇದಕ್ಕೆ ಜಾಸ್ತಿ ಖರ್ಚು ಬರುವುದಿಲ್ಲ.